ನಾಯಿ ಕೂತಿತು, ನಾನು ಬರೆದೆ

ನನಗೆ ವಾಸನೆ ಗೊತ್ತಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಾನು ಹೇಳಹೊರಟಿರುವುದು ವಾಸನೆ ಹಿಡಿಯುವ ನಾಯಿಗಳ ಪರೀಕ್ಷೆಯ ವಿಚಾರ, ಮತ್ತು ಆ ಪರೀಕ್ಷೆಯಲ್ಲಿ ನಾನೂ ಒಬ್ಬ ಅಧಿಕಾರಿಯಾಗಿದ್ದೆ. ಕೆಲವು ವರ್ಷಗಳ ಹಿಂದೆ ಬಂದ ಜ್ವರವೊಂದು ಹೋಗುವಾಗ ನನ್ನ ಮೂಗಿನ ಕೆಲಸವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೂಗು ಮಾತ್ರ ಕನ್ನಡಕ ಇಡುವುದಕ್ಕೆಂದು ಉಳಿದಿದೆ. ಗೋಕಾಕದಲ್ಲಿದ್ದುಕೊಂಡು, ಕರದಂಟು ಮಾಡುವ ಅಂಗಡಿಯ ಮುಂದೆ ತುಪ್ಪ ಬೆಲ್ಲ ಕಾಯುವ ಹೊತ್ತಿಗೇ ಹಾದುಹೋದರೂ ನನಗದು ಬರೀ ರಸ್ತೆ. ಒಮ್ಮೆ ಹೆಂಡತಿ ಗಿರಿಜಾ ಹಾಲು ಒಲೆಯ ಮೇಲಿಟ್ಟು, ನನ್ನನ್ನು ಕಾವಲಿಗೆ ಕೂರಿಸಿ ಓಣಿಯ ಮೂರನೇ ಮನೆಗೆ ಹೋಗಿದ್ದಳು. ನಾನು ಅಡುಗೆಮನೆಯಲ್ಲೇ ಕೂತು ಪೇಪರು ಓದುತ್ತಿದ್ದೆ. ಅವಳು ಓಡಿ ಬಂದು ಗ್ಯಾಸು ಆರಿಸಿ, ಪಾತ್ರೆಯ ತಳ ನೋಡಿ, ಆಮೇಲೆ ನನ್ನನ್ನು ನೋಡಿದಳು. "ಹಾಲು ಹೊತ್ತಿದ ವಾಸನಿ ಮೂರನೇ ಮನಿಗೆ ಬಂತರಿ. ನೀವು ಒಲಿ ಮುಂದ ಕುಂತೀರಿ. ನಾಳೆ ಮನಿ ಸುಟ್ರೂ ನೀವು ಪೇಪರ್‌ನ್ಯಾಗ ಓದೇ ತಿಳ್ಕೊಳ್ಳಾವ್ರು" ಎಂದಳು. ಆ ಪೇಪರಿಗೆ ಸುದ್ದಿ ಬರೆಯುವವನೂ ನಾನೇ ಎಂಬುದನ್ನು ಅವಳಿಗೆ ನೆನಪಿಸಲಿಲ್ಲ.

ಈ ಕೊರತೆಯೇ ನನಗೊಂದು ಅರ್ಹತೆ ಆಗುತ್ತದೆಂದು ತಿಳಿದದ್ದು ಮೂಡಲಗಿಯ ದನದ ಡಾಕ್ಟರು ಫೋನು ಮಾಡಿದಾಗ. ಅವರು ನನ್ನ ಹಳೆಯ ಗೆಳೆಯರು. ದನ ನೋಡುತ್ತ ನೋಡುತ್ತ ನಾಯಿಗಳ ಕಡೆ ಒಲವು ಬೆಳೆಸಿಕೊಂಡವರು. ಘಟಪ್ರಭಾದಲ್ಲಿ ಖಾಲಿ ಬಿದ್ದಿದ್ದ ಒಂದು ಹತ್ತಿ ಗೋದಾಮಿನಲ್ಲಿ ನಾಯಿಗಳಿಗೂ ಅವನ್ನು ನಡೆಸುವವರಿಗೂ ಪರೀಕ್ಷೆ ಇಟ್ಟಿದ್ದರು. ಅದರ ದಾಖಲೆ ಬರೆಯುವುದಕ್ಕೆ ಒಬ್ಬರು ಬೇಕಾಗಿತ್ತು. "ನಿಮ್ಮಂಥಾವ್ರೇ ಬೇಕ್ರಿ" ಎಂದರು. "ಮೂಗು ಇದ್ದಾವ್ರನ್ನ ನಿಲ್ಲಿಸಿದ್ರ ಲವಂಗ ಇಟ್ಟ ಡಬ್ಬಿ ಕಡೆ ಒಮ್ಮೆ ನೋಡ್ತಾರ. ನಾಯಿ ಅವರ ಮಾರಿ ಓದಿ ಅಲ್ಲೇ ಕುಂದರತೈತಿ. ನಿಮಗ ಮೂಗೂ ಇಲ್ಲ, ಮಾರಿ ಮ್ಯಾಲೂ ಏನೂ ಇರೂದಿಲ್ಲ." ಇದನ್ನು ಹೊಗಳಿಕೆ ಎಂದು ತೆಗೆದುಕೊಂಡೆ. ಇಪ್ಪತ್ತೈದು ವರ್ಷ ಸುದ್ದಿಗೋಷ್ಠಿಗಳಲ್ಲಿ ಕೂತವನ ಮುಖದ ಮೇಲೆ ಏನಾದರೂ ಉಳಿದಿದ್ದರೆ ಅದು ಅವನ ತಪ್ಪು.

ನನ್ನ ಮುಖದ ಬಗ್ಗೆ ಒಂದು ಮಾತು. ನಾನು ಕೆಲಸ ಕಲಿತ ಕಚೇರಿಯಲ್ಲಿ ಕಂಡದ್ದನ್ನು ಬರಿ, ಕೇಳಿದ್ದನ್ನು ಬರಿ, ಉಳಿದದ್ದನ್ನು ಬಿಡು ಎಂಬ ಶಿಸ್ತಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಸುದ್ದಿಗೆ ಒಂದು ತಿದ್ದುಪಡಿಯೂ ಅಚ್ಚಾಗಿಲ್ಲ. ಹಿಂದೊಮ್ಮೆ ಧುಪದಾಳದ ಒಡ್ಡಿನ ಹತ್ತಿರ ಹೊಳೆಗೆ ಬಿದ್ದವನೊಬ್ಬನನ್ನು ಮೇಲಕ್ಕೆ ತಂದು ಮಲಗಿಸಿದ್ದರು. ಅವನ ತಾಯಿ ಜನರ ನಡುವೆ ನನ್ನನ್ನೇ ಆರಿಸಿ, "ಹೋಗ್ಯಾನೇನ್ರಿ?" ಎಂದು ಕೇಳಿದಳು. ಕೈಯಲ್ಲಿ ಪೆನ್ನಿತ್ತಲ್ಲ, ತಿಳಿದವನಿರಬೇಕು ಅಂದುಕೊಂಡಿರಬೇಕು. "ಇನ್ನೂ ಖಚಿತಪಡಿಸಿಲ್ಲವ್ವಾ" ಎಂದೆ. ಹೆಣ ಇಬ್ಬರ ಕಾಲ ಬಳಿಯೇ ಇತ್ತು. ಮನೆಗೆ ಬಂದು ಗಿರಿಜಾಗೆ ಹೇಳಿದಾಗ ಅವಳು ಚಪಾತಿ ಲಟ್ಟಿಸುವ ಕೈ ನಿಲ್ಲಿಸಿದಳು. ಆಮೇಲೆ, "ಆಕಿಗೆ ಒಂದು ಹೂಂ ಅಂದಿದ್ರ ನಿಮ್ಮ ನೌಕರಿ ಹೋಗ್ತಿತ್ತೇನು?" ಎಂದಳು. ಅದು ನೌಕರಿಯ ಪ್ರಶ್ನೆ ಅಲ್ಲ, ಪದ್ಧತಿಯ ಪ್ರಶ್ನೆ ಎಂದು ವಿವರಿಸಿದೆ. ಅವಳು ಚಪಾತಿ ಲಟ್ಟಿಸುವುದನ್ನು ಮುಂದುವರಿಸಿದಳು.

ಪರೀಕ್ಷೆಯ ಪದ್ಧತಿ ಸರಳ. ನಡೆಸುವವನೂ ನಾಯಿಯೂ ಸೇರಿ ಒಂದು ಜೋಡಿ. ಗೋದಾಮಿನಲ್ಲಿ ಎರಡು ಕೋಣೆ. ಒಂದೊಂದರಲ್ಲೂ ಸಾಲಾಗಿ ಹನ್ನೆರಡು ರಟ್ಟಿನ ಡಬ್ಬಿ. ಒಂದು ಕೋಣೆಯಲ್ಲಿ ಯಾವುದೋ ಒಂದು ಡಬ್ಬಿಯೊಳಗೆ ಲವಂಗದ ಎಣ್ಣೆ ತಾಗಿಸಿದ ಹತ್ತಿ. ಇನ್ನೊಂದು ಕೋಣೆಯಲ್ಲಿ ಏನೂ ಇಲ್ಲ. ಯಾವ ಕೋಣೆಯಲ್ಲಿ ಇದೆ, ಯಾವ ಡಬ್ಬಿಯಲ್ಲಿ ಇದೆ ಎಂಬುದು ನಡೆಸುವವನಿಗೆ ಗೊತ್ತಿಲ್ಲ, ತೀರ್ಪುಗಾರನಿಗೂ ಗೊತ್ತಿಲ್ಲ. ಇಟ್ಟವರು ಡಾಕ್ಟರು. ಇಟ್ಟು, ಚೀಟಿಯಲ್ಲಿ ಬರೆದು, ಲಕೋಟೆ ಅಂಟಿಸಿ, ಅವರು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಲ್ಲಬೇಕು. ಪ್ರತಿ ಕೋಣೆಗೆ ಮೂರು ನಿಮಿಷ. ವಾಸನೆ ಸಿಕ್ಕ ಡಬ್ಬಿಯ ಮುಂದೆ ನಾಯಿ ಕೂರುತ್ತದೆ. ಆಗ ನಡೆಸುವವನು "ಐತಿ" ಎಂದು ಹೇಳಬೇಕು. ಏನೂ ಇಲ್ಲದ ಕೋಣೆಯಲ್ಲಿ "ಇಲ್ಲ" ಎನ್ನಬೇಕು. ಒಂದು ತಪ್ಪು ಕರೆ, ಅಥವಾ ಕರೆಯೇ ಬರದಿದ್ದರೆ, ಜೋಡಿ ನಪಾಸು. ತೀರ್ಪುಗಾರರು ಸೇನೆಯಲ್ಲಿ ನಾಯಿ ತರಬೇತಿ ಮಾಡಿ ನಿವೃತ್ತರಾದ ಸುಬೇದಾರರು. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ನಾಯಿ ಫೇಲ್ ಆಗೂದಿಲ್ರಿ. ಜೋಡಿ ಫೇಲ್ ಆಗತೈತಿ. ನಾಯಿ ಹೇಳಿದ್ದು ನಿಮಗ ತಿಳೀಬೇಕು, ನೀವು ಹೇಳಿದ್ದು ನಮಗ ತಿಳೀಬೇಕು." ಬಾಯಿಂದ ಹೇಳಲು ಆಗದವರು ಕೈ ಎತ್ತಬಹುದು, ಟೊಪ್ಪಿಗೆ ತೆಗೆಯಬಹುದು, ಯಾವ ಸನ್ನೆಯಾದರೂ ನಡೆಯುತ್ತದೆ. ಆದರೆ ಅದನ್ನು ಮೊದಲೇ ಅರ್ಜಿಯಲ್ಲಿ ಬರೆಸಿರಬೇಕು.

ಅರ್ಜಿ ಬರೆಯುವವನು ನಾನು. ಹೆಸರು, ಊರು, ನಾಯಿಯ ಹೆಸರು, ಕರೆಯ ರೀತಿ. ಮೊದಲ ಆರು ಜನರನ್ನು ಕೇಳಿದೆ, "ಬಾಯಿಲೆ ಹೇಳ್ತೀರೋ, ಸನ್ನಿ ಮಾಡ್ತೀರೋ?" ಆರೂ ಜನ "ಬಾಯಿಲೇ ರಿ" ಎಂದರು. ಏಳನೆಯವನ ಹೊತ್ತಿಗೆ ಒಂದು ನಾಯಿ ನನ್ನ ಮೇಜಿನ ಕಾಲಿಗೆ ತನ್ನ ರುಜು ಹಾಕಿತು. ಸಾಲಿನಲ್ಲಿ ಗದ್ದಲವೆದ್ದಿತು. ಬಿಸಿಲು ಏರುತ್ತಿತ್ತು. ಏಳರಿಂದ ಮುಂದೆ ಆ ಕಾಲಮ್ಮಿನಲ್ಲಿ ಯಾರನ್ನೂ ಕೇಳದೆ "ಬಾಯಿಮಾತು" ಎಂದು ಬರೆದುಕೊಂಡು ಹೋದೆ. ಅಕ್ಷರಗಳು ದುಂಡಗೆ ಬಂದಿದ್ದವು.

ಮೊದಲಿಗೆ ಒಳಬಂದವರು ಹುಕ್ಕೇರಿಯ ಮಸಾಲೆ ವ್ಯಾಪಾರಿ ರಾಜೇಸಾಬರು, ಜೊತೆಗೆ ಅವರ ದಪ್ಪ ನಾಯಿ ಮೋತಿ. ಲವಂಗದ ಪರೀಕ್ಷೆಗೆ ಮಸಾಲೆ ಅಂಗಡಿಯ ನಾಯಿ ಬಂದರೆ ಉಳಿದವರು ಮನೆಗೆ ಹೋಗಬಹುದು ಎಂದು ಹೊರಗೆ ಮಾತಾಗಿತ್ತು. ಮೋತಿ ಹನ್ನೆರಡು ಡಬ್ಬಿಗಳಲ್ಲಿ ಒಂದನ್ನೂ ಮೂಸಲಿಲ್ಲ. ಕೋಣೆಯ ಮಧ್ಯಕ್ಕೆ ಹೋಗಿ, ತಿರುಗಿ ಬಂದು, ರಾಜೇಸಾಬರ ಮುಂದೆಯೇ ಕೂತು ಅವರ ಮುಖ ನೋಡಿತು. ಮೂವತ್ತು ವರ್ಷ ಲವಂಗ ತೂಗಿದ ಕೈ ಅವು. ಅವರು ಬಲಕ್ಕೆ ಸರಿದರು, ಮೋತಿ ಬಲಕ್ಕೆ ಕೂತಿತು. ಎಡಕ್ಕೆ ಸರಿದರು, ಎಡಕ್ಕೆ ಕೂತಿತು. ಮೂರು ನಿಮಿಷ ಮುಗಿದ ಮೇಲೆ ರಾಜೇಸಾಬರು ಸುಬೇದಾರರಿಗೆ ಹೇಳಿದರು: "ಸಾಹೇಬ್ರ, ನಾಯಿ ತಪ್ಪು ಹೇಳಿಲ್ರಿ. ಮಾಲು ನನ್ನ ಕಡೇನೂ ಐತಿ. ನೀವು ನನ್ನನ್ನ ಡಬ್ಬ್ಯಾಗ ಕುಂದರಿಸಿದ್ರ ಪಾಸ್ ಆಗ್ತಿತ್ತು." ಸುಬೇದಾರರೇ ನಕ್ಕರು. ನಾನು "ಕರೆ ಇಲ್ಲ" ಎಂದು ಬರೆದೆ.

ಬಾಳಪ್ಪ ಹನ್ನೊಂದನೆಯವನು. ಘೋಡಗೇರಿಯ ಕುರುಬ, ಐವತ್ತರ ಆಸುಪಾಸು. ಹೆಗಲ ಮೇಲೆ ಕರಿ ಕಂಬಳಿ, ಬಲ ಮೊಣಕಾಲು ಮಡಚುತ್ತಿರಲಿಲ್ಲ. ಕಲ್ಲಿನ ಮೇಲೆ ಬಿದ್ದು ಮುರಿದುಕೊಂಡ ಮೇಲೆ ಕುರಿಗಳ ಹಿಂದೆ ನಡೆಯುವುದು ಅವನಿಂದ ಆಗುವುದಿಲ್ಲ. ಅವನ ನಾಯಿ ಚಂದ್ರಿ, ಉದ್ದ ಕಾಲಿನ ಬಿಳಿ ಹೆಣ್ಣುನಾಯಿ. ಅವನ ಕಥೆಯನ್ನು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು. ಹಿಂಡು ಈಗ ತಮ್ಮನ ಕೈಗೆ ಹೋಗಿದೆ, ಆ ವಾರವೇ ಅವನು ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೊರಡುತ್ತಾನೆ. ಅವರಲ್ಲಿ ನಾಯಿ ಹಿಂಡಿನದು, ಮನುಷ್ಯನದಲ್ಲ. ಹಿಂಡು ಎಲ್ಲಿಗೋ ನಾಯಿ ಅಲ್ಲಿಗೆ. ಆದರೆ ಈ ಪರೀಕ್ಷೆ ಪಾಸಾದ ಜೋಡಿಗೆ ಒಂದು ದೊಡ್ಡ ಗೋದಾಮಿನ ಕಾವಲು ಕೆಲಸ ಕೊಡಿಸಲು ಡಾಕ್ಟರು ಮಾತಾಡಿಟ್ಟಿದ್ದರು. "ಪಾಸಾದ ಕಾಗದ ಬಂದ್ರ ನಾಯಿ ನಿಂದು, ಇಲ್ಲಂದ್ರ ಕುರಿ ಹಿಂದ ಬರ್ತೈತಿ" ಎಂದು ತಮ್ಮ ಒಪ್ಪಿದ್ದ. ಅದಕ್ಕಾಗಿ ಬಾಳಪ್ಪ ಮೂರು ತಿಂಗಳು ಡಾಕ್ಟರು ಕೊಟ್ಟ ಲವಂಗದ ಶೀಶೆ ಇಟ್ಟುಕೊಂಡು ಚಂದ್ರಿಗೆ ಕಲಿಸಿದ್ದ.

ಮೊದಲು ಅವನಿಗೆ ಬಂದದ್ದು ಏನೂ ಇಲ್ಲದ ಕೋಣೆ. ಚಂದ್ರಿ ಸಾಲನ್ನು ಎರಡು ಸಲ ಸುತ್ತಿ ಬಂದಳು, ಎಲ್ಲಿಯೂ ಕೂರಲಿಲ್ಲ. "ಇಲ್ಲಿ ಏನೂ ಇಲ್ರಿ ಸಾಹೇಬ್ರ" ಎಂದು ಬಾಳಪ್ಪ ಗಟ್ಟಿಯಾಗಿ ಹೇಳಿದ. ಸರಿಯಾದ ಕರೆ ಎಂದು ಆಮೇಲೆ ತಿಳಿಯಿತು. ಎರಡನೆಯ ಕೋಣೆಯಲ್ಲಿ ಅವಳು ಎಂಟು ಡಬ್ಬಿ ದಾಟಿ, ಒಂಬತ್ತನೆಯದರ ಮುಂದೆ ಮೂಗು ಇಳಿಸಿ, ಕೂತಳು. ನನ್ನ ಗಡಿಯಾರದಲ್ಲಿ ಒಂದು ನಿಮಿಷ ಹತ್ತು ಸೆಕೆಂಡು. ಅವಳು ಬಾಳಪ್ಪನ ಕಡೆ ನೋಡಿದಳು. ಬಾಳಪ್ಪ ಹೆಗಲ ಮೇಲಿನ ಕಂಬಳಿ ಇಳಿಸಿ ಕೈಯಲ್ಲಿ ಹಿಡಿದು ನಿಂತ. ಬಾಯಿ ತೆರೆಯಲಿಲ್ಲ. ಅವನ ಬೆನ್ನ ಹಿಂದೆ ನಿಂತಿದ್ದ ಸುಬೇದಾರರು ಕಾದರು. ಕರೆ ಬರುವ ತನಕ ತೀರ್ಪುಗಾರರು ಮಾತಾಡುವಂತಿಲ್ಲ. ನಾನಂತೂ ಮಾತಾಡುವಂತಿಲ್ಲ. "ಇತರೆ" ಎಂಬ ಕಾಲಮ್ಮಿನಲ್ಲಿ "ಕಂಬಳಿ ತೆಗೆದರು" ಎಂದು ಬರೆದೆ, ಸೆಕೆಂಡಿನ ಸಮೇತ. ನಾಯಿ ಕೂತೇ ಇತ್ತು. ಎರಡು ನಿಮಿಷಕ್ಕೆ ಹತ್ತಿರ ಹತ್ತಿರ, ಕಿವಿ ಅಲುಗಿಸದೆ ಕೂತಿತ್ತು. ಬಾಳಪ್ಪ ನಮ್ಮಿಬ್ಬರನ್ನೂ ಒಮ್ಮೊಮ್ಮೆ ನೋಡುತ್ತಿದ್ದ, ಇವರಿಗೆ ಇನ್ನೇನು ಬೇಕು ಎಂಬಂತೆ. ಮೂರು ನಿಮಿಷ ಆಯಿತು, ಸೀಟಿ ಊದಿದೆ.

"ಯಾಕ ಹೇಳಲಿಲ್ರಿ?" ಎಂದು ಸುಬೇದಾರರು ಕೇಳಿದರು. ದನಿಯಲ್ಲಿ ಅವರಿಗೇ ಬೇಸರವಿತ್ತು.

"ಹೇಳಿದ್ನೆಲ್ರಿ. ಕಂಬಳಿ ಇಳಿಸಿದೆ."

"ಅಂದ್ರ?"

"ನಾಯಿಗೆ ತೋಳದ ವಾಸನಿ ಸಿಕ್ಕಾಗ ನಾವು ಒದರೂದಿಲ್ರಿ. ಒದರಿದ್ರ ಕುರಿ ಚೆಲ್ಲಾಪಿಲ್ಲಿ ಆಗ್ತಾವು. ಕಂಬಳಿ ಇಳಿಸ್ತೇವಿ. ದೂರ ಇದ್ದಾವ್ರು ನೋಡಿ ತಿಳ್ಕೋತಾರು. ಏನೂ ಇಲ್ಲಂದ್ರ ಬಾಯಿಲೆ ಹೇಳಬಹುದು. ಇದ್ದಾಗ ಹೆಂಗ್ ಹೇಳಾಕ ಬರತೈತ್ರಿ?"

ಸುಬೇದಾರರು ಅರ್ಜಿಗಳ ಕಟ್ಟು ಎಳೆದುಕೊಂಡರು. "ಸನ್ನಿ ನಡೀತೈತ್ರಿ. ಬರೆಸಿದ್ರ ಕಂಬಳಿನೂ ನಡೀತೈತಿ" ಎಂದು ಅರ್ಜಿಗಳನ್ನು ತಿರುವಿ ಹನ್ನೊಂದನೆಯದನ್ನು ತೆಗೆದರು. "ಬಾಯಿಮಾತು ಅಂತ ಐತೆಲ್ಲ."

ಬಾಳಪ್ಪ ನನ್ನ ಕಡೆ ನೋಡಿದ. "ಸಾಹೇಬ್ರು ಬರದಾರಂದ್ರ ಸರಿನೇ ಇರಬೇಕ್ರಿ" ಎಂದ.

ಸುಬೇದಾರರು ನನ್ನ ಕಡೆ ತಿರುಗಿದರು. "ಇವ್ರನ್ನ ಕೇಳೇ ಬರದೀರಿ, ಹೌದಲ್ರಿ?"

ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಬಂದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಾಯಿ ನೆನಪಾಗಲಿಲ್ಲ, ಗೋದಾಮಿನ ಕೆಲಸ ನೆನಪಾಗಲಿಲ್ಲ. ಇವರನ್ನು ಕೇಳಿಲ್ಲ ಎಂದರೆ ಏಳರಿಂದ ಹದಿನಾಲ್ಕರವರೆಗೆ ಯಾರನ್ನೂ ಕೇಳಿಲ್ಲ ಎನ್ನಬೇಕಾಗುತ್ತದೆ, ಹೊರಗೆ ಬೇವಿನ ಮರದ ಕೆಳಗೆ ಡಾಕ್ಟರು ನನ್ನ ಕರಾರುವಾಕ್ಕುತನವನ್ನು ಯಾರಿಗೋ ಹೊಗಳುತ್ತಿದ್ದಾರೆ, ಇಷ್ಟು ವರ್ಷಕ್ಕೆ ಮೊದಲ ತಿದ್ದುಪಡಿ ನಾಯಿಗಳೆದುರಿಗೆ ಆಗುತ್ತದೆ. ಇಷ್ಟೇ.

"ಹೌದು" ಎಂದೆ.

ಮುಖದ ಮೇಲೆ ಏನೂ ಇರಲಿಲ್ಲ ಅಂತಲೇ ಕಾಣುತ್ತದೆ. ಸುಬೇದಾರರು ತಲೆಯಾಡಿಸಿ ನಪಾಸು ಎಂದು ರುಜು ಹಾಕಿದರು. ಲಕೋಟೆ ಒಡೆದಾಗ ಒಂಬತ್ತು ಎಂದಿತ್ತು. ಬಾಳಪ್ಪ ಚಂದ್ರಿಯ ತಲೆ ಸವರಿ, ಕಂಬಳಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ನಮಗೆಲ್ಲ ನಮಸ್ಕಾರ ಮಾಡಿ ಹೋದ. ಮರುದಿನದ ಪೇಪರಿನಲ್ಲಿ ನನ್ನ ಸುದ್ದಿ ಬಂತು: ಹದಿನಾಲ್ಕು ಜೋಡಿಗಳು ಭಾಗವಹಿಸಿದ್ದವು, ಮೂರು ತೇರ್ಗಡೆಯಾದವು, ಪರೀಕ್ಷೆ ಶಿಸ್ತಿನಿಂದ ನಡೆಯಿತು. ಒಂದು ಅಕ್ಷರವನ್ನೂ ಯಾರೂ ಪ್ರಶ್ನಿಸುವಂತಿರಲಿಲ್ಲ. ಗಿರಿಜಾ ಅದನ್ನು ಓದಿ, "ಮತ್ತ ಊಟ ಯಾಕ ಬಿಟ್ಟೀರಿ?" ಎಂದು ಕೇಳಿದಳು. ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು. "ಘೋಡಗೇರಿಗೆ ಬಸ್ಸು ಎಷ್ಟಕ್ಕೈತಿ?" ಎಂದಷ್ಟೇ ಕೇಳಿದಳು. ಆದರೂ ನಾನು ಹೊರಡಲು ಮೂರು ದಿನ ತೆಗೆದುಕೊಂಡೆ. ಒಂದು ದಿನ ಸಭೆ ಇತ್ತು, ಒಂದು ದಿನ ಶೀತ ಇತ್ತು, ಒಂದು ದಿನ ಏನೂ ಇರಲಿಲ್ಲ.

ನಾನು ಹೋದಾಗ ಬಾಳಪ್ಪ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಹಿಂಡು ಹಿಂದಿನ ದಿನವೇ ಹೋಗಿತ್ತು. "ಬರ್ರಿ ಸಾಹೇಬ್ರ, ಕುಂದರ್ರಿ" ಎಂದು ಒಳಗೆ ಕೂಗಿ ಚಹಾ ಹೇಳಿದ. ನಾಯಿಯ ಬಗ್ಗೆ ನಾನು ಕೇಳಲಿಲ್ಲ, ಅವನೇ ಹೇಳಿದ. "ಎರಡ್ ಸಲ ಹೊಳ್ಳಿ ಬಂದ್ಲರಿ. ಕುರಿ ಬಿಟ್ಟು ಬಂದು ಇಲ್ಲೇ, ನೀವು ಕುಂತಲ್ಲೇ ಕುಂತ್ಲು. ಮೂರನೇ ಸಲ ತಮ್ಮ ಹಗ್ಗ ಹಾಕಿದ. ಹಗ್ಗ ಗೊತ್ತಿದ್ದಿಲ್ಲ ಆಕಿಗೆ." ನಾನು ಸ್ವಲ್ಪ ಸರಿದು ಕೂತೆ. ಆಮೇಲೆ, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಳಿದೆ. "ಬಾಳಪ್ಪಾ, ಅವತ್ತು ನಾ ನಿನ್ನ ಕೇಳಿರಲಿಲ್ಲ. ಕೇಳದ ಬರದೆ. ಸುಬೇದಾರರಿಗೂ ಸುಳ್ಳು ಹೇಳಿದೆ."

ಅವನು ನನ್ನನ್ನು ನೋಡಿದ. ಕುರಿಯೊಂದು ಕುಂಟುತ್ತಿದ್ದರೆ ಕುರುಬ ನೋಡುವ ನೋಟ ಅದು, ಬೈಯುವುದಕ್ಕಲ್ಲ, ಎಲ್ಲಿ ಮುಳ್ಳು ಎಂದು ತಿಳಿಯುವುದಕ್ಕೆ. ಚಹಾದ ಬಸಿ ನನ್ನ ಕಡೆ ಸರಿಸಿದ.

"ಕೇಳಿದ್ರೆಲ್ರಿ" ಎಂದ. "ನೀವು ಕೇಳಿದ್ರಿ, ನಾನೇ ಬಾಯಿಲೆ ಅಂದೆ. ಗದ್ದಲದಾಗ ನಿಮಗ ನೆನಪು ಹಾರೈತಿ."

ನಾನು ಕೇಳಿರಲಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಆದರೂ, "ಖರೇನಾ? ಕೇಳಿದ್ನೇನು?" ಎಂದೆ.

"ಖರೇನ್ರಿ. ಕೇಳಿದ್ರಿ" ಎಂದು ಅವನು ಇನ್ನೊಮ್ಮೆ ಹೇಳಿದ. "ಚಹಾ ಆರತೈತಿ, ಕುಡೀರಿ."

ಕುಡಿದೆ. ಸಂಜೆಯ ಬಸ್ಸು ಹತ್ತಿದೆ. ಕಿಟಕಿಯ ಬದಿಯ ಸೀಟು ಸಿಕ್ಕಿತು. ಘಟಪ್ರಭಾ ಬರುವಷ್ಟರಲ್ಲಿ ನಾನು ಅವನ ಮಾತನ್ನು ಹೆಚ್ಚುಕಡಿಮೆ ನಂಬಿಯೂ ಬಿಟ್ಟಿದ್ದೆ.