ಮೂರೂವರೆ ವೋಲ್ಟಿನ ಪಾಂಡಿತ್ಯ

ಕ್ಯಾಲನೂರಿನ ನಮ್ಮ ಮನೆಯಲ್ಲಿ ಎರಡು ಹಸು, ಅವನ್ನು ನೋಡಿಕೊಳ್ಳುವ ಸರೋಜ, ಮತ್ತು ಒಬ್ಬ ವಿಜ್ಞಾನದ ಮೇಷ್ಟರು ಇದ್ದಾರೆ. ಮೇಷ್ಟರು ನಾನು. ಹಾಲು ಕರೆದೂ ಕರೆದೂ ನನ್ನ ಹೆಂಡತಿ ಸರೋಜಳ ಮಣಿಕಟ್ಟು ಊದಿಕೊಂಡಿತ್ತು. ಇನ್ನು ಕೈಯಲ್ಲಿ ಕರೆಯಲೇಬಾರದು ಎಂದರು ಡಾಕ್ಟರು. ಹಾಲು ಕರೆಯುವ ಮಿಷನ್ನು ತಂದೆವು. ಮನೆಯಿಂದ ಕೊಟ್ಟಿಗೆಗೆ ವೈರು ಎಳೆಯುವುದಷ್ಟೇ ಬಾಕಿ.

ಎಲೆಕ್ಟ್ರಿಷಿಯನ್ ಮುನಿಶಾಮಿ ಬಂದು ನೋಡಿ, "ನಲವತ್ತು ಮೀಟರ್ ಐತೆ ಸಾರ್. ದಪ್ಪ ವೈರೇ ಹಾಕ್ಬೇಕು, ನಾಲ್ಕು ಎಂಎಂದು" ಎಂದ. ಅಂದಾಜಿನ ಮೇಲೆ ಬದುಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ದೂರ, ತಂತಿಯ ರೋಧ, ಮೋಟಾರಿನ ಕರೆಂಟು ಎಲ್ಲವನ್ನೂ ಬಿಳಿ ಹಾಳೆಯಲ್ಲಿ ಗುಣಿಸಿ, ತೆಳ್ಳನೆಯ ಒಂದು ಎಂಎಂ ವೈರಿನಲ್ಲೂ ದಾರಿಯಲ್ಲಿ ನಷ್ಟವಾಗುವುದು ಮೂರೂವರೆ ವೋಲ್ಟ್ ಮಾತ್ರ ಎಂದು ಸಾಬೀತುಪಡಿಸಿದೆ. ಕೆಳಗೆ ಸಹಿಯನ್ನೂ ಹಾಕಿದೆ. ಆ ವೈರನ್ನು ನಾನೇ ಎಳೆದೆ.

ಸಂಜೆ ಡೈರಿಯ ಹೊತ್ತಿಗೆ ಸ್ವಿಚ್ ಒತ್ತಿದೆ. ಮಿಷನ್ನು ಗುಂಯ್ ಎಂದಿತು. ತಿರುಗಲಿಲ್ಲ.

"ಲೋಡ್ ಜಾಸ್ತಿಯಾಗಿದೆ, ಫ್ರಿಡ್ಜ್ ಆರಿಸು" ಎಂದೆ. ಆರಿಸಿದಳು. ಟಿ.ವಿ., ಫ್ಯಾನು, ಕೊನೆಗೆ ದೇವರ ಮುಂದಿನ ಪುಟ್ಟ ಬಲ್ಬೂ ಆರಿತು. ಮಿಷನ್ನು ಗುಂಯ್ ಎನ್ನುತ್ತಲೇ ಇತ್ತು. ಫ್ಯೂಸ್ ಸುಟ್ಟಿತು. ದಪ್ಪ ತಂತಿ ಕಟ್ಟಿದೆ. ಈಗ ಫ್ಯೂಸ್ ಸುಡಲಿಲ್ಲ, ವೈರು ಸುಟ್ಟಿತು! ಆ ವಾಸನೆಗೆ ಹಸುಗಳು ಬೆದರಿ ಹಗ್ಗ ಜಗ್ಗತೊಡಗಿದವು. ಓಡಿಹೋಗಿ ಮೇನ್ ಆಫ್ ಮಾಡಿದವಳು ಸರೋಜ.

ಸುದ್ದಿ ತಿಳಿದು ಬಂದ ಮುನಿಶಾಮಿ ಕರಗಿದ ವೈರನ್ನು ನೋಡಿ, "ಪೋಯಿಂದಿ ಸಾರ್, ಹೋಯ್ತು" ಎಂದ. ನಾನು ನನ್ನ ಹಾಳೆಯನ್ನು ಅವನ ಮುಂದೆ ಹಿಡಿದೆ. ನಿಧಾನವಾಗಿ ಓದಿದ.

"ಕರೆಂಟು ಹೋಗೋ ವೈರಿಗೆ ಲೆಕ್ಕ ಐತೆ. ವಾಪಸ್ ಬರೋ ವೈರಿಗೆ ಎಲ್ಲೈತೆ ಸಾರ್?"

ಮಂಡಲ ಪೂರ್ತಿಯಾಗದೆ ವಿದ್ಯುತ್ ಹರಿಯದು ಎಂದು ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿರುವವನು ನಾನು.

"ಮೋಟ್ರು ಏಳೋವಾಗ ಐದಾರು ಪಾಲು ಕರೆಂಟು ಎಳೀತೈತೆ, ಅದೂ ಇಲ್ಲ. ಮೇಲೆ ಇನ್ನೂರ ಮೂವತ್ತು ವೋಲ್ಟ್ ಅಂತ ಬರ್ದಿದೀರ. ಡೈರಿ ಹೊತ್ತಿಗೆ ಊರೆಲ್ಲಾ ಒಟ್ಟಿಗೇ ಮಿಷನ್ ಹಾಕ್ತಾರೆ. ಕಂಬದಲ್ಲೇ ನೂರ ಎಂಬತ್ತು ಬಂದ್ರೆ ಪುಣ್ಯ."

"ರೀ, ಡೈರಿ ಮುಚ್ಚೋಕೆ ಅರ್ಧ ಗಂಟೆ ಐತೆ. ಲೆಕ್ಕ ಆಮೇಲೆ ನೋಡ್ಕೊಳ್ಳಿ" ಎಂದು ಸರೋಜ ಊದಿದ ಕೈಯಲ್ಲೇ ಬಕೆಟ್ ಹಿಡಿದು ಕೂತಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಇನ್ನೊಂದು ಹಸುವನ್ನು ಅವಳು ಮುಟ್ಟಕೂಡದೆಂದು ಹೇಳಿ, ಚೊಂಬು ಹಿಡಿದು ನಾನೇ ಕೂತೆ. ಹಸು ನನ್ನನ್ನು ಒಮ್ಮೆ ತಿರುಗಿ ನೋಡಿತು. ಅರ್ಧ ಗಂಟೆಯೂ ಮುಗಿಯುತ್ತ ಬಂತು.

ನನ್ನ ಹಾಲಿನಲ್ಲಿ ಹುಲ್ಲಿನ ಚೂರು ಕಂಡು ಸರೋಜ ಅದನ್ನು ತನ್ನ ಕ್ಯಾನಿಗೆ ಬೆರೆಸಲು ಬಿಡಲಿಲ್ಲ. ಹಾಗಾಗಿ ಡೈರಿಗೆ ನನ್ನ ಚೊಂಬು ಬೇರೆಯಾಗಿಯೇ ಬಂತು. ಕಾರ್ಯದರ್ಶಿ ಹಾಲನ್ನು ಸೋಸಿ, ಜಾಡಿಗೆ ಸುರಿದು, ಲ್ಯಾಕ್ಟೋಮೀಟರ್ ಇಳಿಬಿಟ್ಟ. ಅದು ನೇರವಾಗಿ ತಳ ಮುಟ್ಟಿ ನಿಂತಿತು.

"ನೀರು ಬೆರ್ಸಿದೀರಾ ಮೇಷ್ಟ್ರೇ?"

"ಛೇ, ಒಂದು ತೊಟ್ಟೂ ಇಲ್ಲಪ್ಪ."

"ಬೆರ್ಸ್ಬೇಕಿತ್ತು ಸಾರ್. ಇಷ್ಟು ಹಾಲಲ್ಲಿ ಇದು ತೇಲಲ್ಲ."