ಬಣ್ಣದ ಬಕೆಟ್ಟು ಬಿಟ್ಟು ಹೋದ ಎರೆಹುಳುಗಳಿಗೆ

ಸದ್ಯ ಗೋಡೆಯಾಚೆ ಮರಿಯಮಬಿಯವರ ಬಾಳೆಬುಡದಲ್ಲಿ ಸುಖವಾಗಿ ಬಿಡಾರ ಹೂಡಿರುವ ಎರೆಹುಳು ಮಹಾಶಯರ ದಿವ್ಯ ಸನ್ನಿಧಿಗೆ, ಕುಂದಗೋಳದಿಂದ ಸುನಿತಾ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ಗಿಡಗಳಿಗೆ ಎರೆಗೊಬ್ಬರ ಮಾಡುವ ಆಸೆಯಿಂದ, ನನ್ನ ತವರು ದುಮ್ಮವಾಡದಿಂದ ತಮ್ಮನ್ನು ಸಗಣಿಯ ಜೊತೆ ಡಬ್ಬಿಯಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವಳು ನಾನು. ಮನೆಗೆ ಬಣ್ಣ ಹೊಡೆಸಿದಾಗ ಉಳಿದಿದ್ದ ಬಕೆಟ್ಟಿಗೆ ಕಾದ ಮೊಳೆಯಿಂದ ತೂತು ಕೊರೆದು, ತೆಂಗಿನ ನಾರು ಹಾಸಿ, ಒದ್ದೆ ಗೋಣಿ ಹೊದಿಸಿ, ಕಾಯಿಪಲ್ಲೆಯ ಸಿಪ್ಪೆ, ಚಹದ ಚರಟಗಳನ್ನು ಹೊತ್ತು ಹೊತ್ತಿಗೆ ತಮಗೆ ಬಡಿಸಿದೆ. ನಾನು ಹೊಸ ಮದುವಣಗಿತ್ತಿಯಾಗಿ ಈ ಮನೆಗೆ ಬಂದಾಗ ನನಗೇ ಇಷ್ಟು ಉಪಚಾರ ನಡೆದಿರಲಿಲ್ಲ.

ಆದರೆ ನಮ್ಮ ಅತ್ತೆ ರೇಣುಕವ್ವನವರ ಅಂತಃಕರಣವನ್ನು ತಾವು ಕಂಡುಂಡವರು. ಮನೆಗೆ ಬಂದವರು ಕಣ್ಣು ಮೂಗು ಒರೆಸಿಕೊಳ್ಳದೆ ತಾಟಿನ ಮುಂದಿನಿಂದ ಎದ್ದರೆ ಅದು ಊಟವೇ ಅಲ್ಲ ಎಂದು ನಂಬಿದ ಆ ತಾಯಿ, "ಪಾಪ, ಬರೇ ಸಿಪ್ಪಿ ತಿಂದು ಬಾಯಿ ಸಪ್ಪಗಾಗಿರ್ತೈತಿ" ಎಂದು ನಾನಿಲ್ಲದ ಹೊತ್ತು ನೋಡಿ, ತಂಗಳ ರೊಟ್ಟಿಯ ಮೇಲೆ ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿ, ಎಣ್ಣೆ ಬಿಟ್ಟು ತಮಗೆ ಬಡಿಸಿದರು. ತಾವು ಹೊರಳಾಡಿದ್ದನ್ನು ಕಂಡು, ರುಚಿಗೆ ಕುಣಿಯುತ್ತಿದ್ದೀರೆಂದು ಹಿಗ್ಗಿ, ಇನ್ನೊಂದು ಚಮಚ ಹಾಕಿದರು.

ನನ್ನ ದೂರು ತಮ್ಮ ಆ ಕುಣಿತದ್ದೇ. ಅನ್ನ ತಿಳಿಸಾರಿನ ಊರಿನವಳಾದ ನಾನು, ಒಂದು ಪಲ್ಲೆಗಾದರೂ ಖಾರ ಕಡಿಮೆ ಹಾಕಿರೆಂದು ಮದುವೆಯಾದಾಗಿನಿಂದ ಬೇಡುತ್ತ, ಹೊಟ್ಟೆಯುರಿಗೆ ಮಜ್ಜಿಗೆ ಕುಡಿಯುತ್ತ ಬಂದಿದ್ದೇನೆ. ಅಂದು ಊಟಕ್ಕೆ ಕೂತಾಗ ಅತ್ತೆಯವರ ಕೊನೆಯ ತೀರ್ಪು ಬಂತು: "ಹುಳಾ ಸುದ್ದಾ ಕುಣಕೋತ ತಿಂದಾವು. ನಿನಗೇನ ಧಾಡಿ ಆಗೇತಿ?" ನನ್ನ ಯಜಮಾನರು ಈರೇಶ, ತಲೆ ಬಗ್ಗಿಸಿ ರೊಟ್ಟಿ ಮುರಿದರು. ಅವ್ವನ ಎದುರು ಬೆನ್ನೆಲುಬಿನ ವಿಷಯಕ್ಕೆ ಬಂದರೆ ಅವರೂ ತಮ್ಮ ಕುಲದವರೇ.

ಮರುದಿನ ಬೆಳಗ್ಗೆ ನೋಡಿದರೆ ಬಕೆಟ್ಟು ಖಾಲಿ. ಸಂಸಾರಸಮೇತ ತಳದ ತೂತಿನಿಂದ ಇಳಿದು, ಮೋರಿಗುಂಟ ಬಾಜು ಮನೆಯ ಬಾಳೆಬುಡ ಸೇರಿದ ತಮ್ಮ ಶೌರ್ಯಕ್ಕೆ ಸಾವಿರ ಶರಣು. ಆದರೆ ಒಂದೇ ತವರಿನವರಾಗಿ, ನನಗೊಂದು ಮಾತೂ ಹೇಳದೆ ಹೋದದ್ದು ತರವೇ? ಆ ತೂತು ನನಗೆ ಸಾಲದೆಂದು ನನ್ನನ್ನು ಕೇಳದೆಯೇ ಹೇಗೆ ತೀರ್ಮಾನಿಸಿದಿರಿ?

ಆದಕಾರಣ ತಾವೆಲ್ಲ ಒಂದು ಮಧ್ಯಾಹ್ನ ಸಾಲಾಗಿ ಬಂದು, ಅತ್ತೆಯವರ ತಾಟಿನ ಅಂಚಿನ ಮೇಲೆ ಕೂತು, ಅಂದು ಕುಣಿದದ್ದು ಹಿಗ್ಗಿಗಲ್ಲ, ಉರಿಗೆ ಎಂದು ಸಾಕ್ಷಿ ನುಡಿದು ಹೋಗಬೇಕಾಗಿ ಪ್ರಾರ್ಥನೆ. ನಮ್ಮ ಮನೆಯಲ್ಲಿ ಸೊಸೆಯ ಮಾತಿಗಿಂತ ಹುಳುವಿನ ಮಾತಿಗೆ ಬೆಲೆ ಹೆಚ್ಚು.

ಒಂದೇ ಬಳಗದ, ಆದರೆ ತೂತಿನಲ್ಲಿ ಹಿಡಿಯದ,
ತಮ್ಮ ವಿಶ್ವಾಸಿ
ಸುನಿತಾ

ತಾ.ಕ.: ತಾವು ಹೋಗಿ ಸೇರಿದ ಜಾಗ ಅತ್ತೆಯವರಿಗೂ ಗೊತ್ತಾಗಿದೆ. "ಉಂಡ ಮನಿ ಬಿಟ್ಟು ಬಾಜು ಮನಿಗೆ ಹೋದ್ವು ಅಂದ್ರ ಮಂದಿ ಏನಂದಾರು?" ಎಂದು ಕಳವಳಗೊಂಡು, ತಪ್ಪು ಖಾರದ್ದೆಂದು ಬಾಯಿಬಿಟ್ಟು ಒಪ್ಪದಿದ್ದರೂ, ತಮ್ಮನ್ನು ಮರಳಿ ಕರೆಸಲು ದಿನಾ ಸಂಜೆ ಒಂದು ಬಟ್ಟಲು ಬೇಳೆಯನ್ನು ಖಾರವೇ ಹಾಕದೆ ಬೇಯಿಸಿ ಬಕೆಟ್ಟಿನ ಹತ್ತಿರ ಇಡುತ್ತಿದ್ದಾರೆ. ಇಷ್ಟು ವರ್ಷ ಬೇಡಿದವಳಿಗೆ ಸಿಗದ್ದು ಓಡಿಹೋದವರಿಗೆ ಸಿಕ್ಕಿತು. ಬೆಳಗ್ಗೆ ಬರಿದಾದ ಬಟ್ಟಲು ಕಂಡು ಅವರು ಹಿಗ್ಗುತ್ತಾರೆ. ರಾತ್ರಿ ಆ ಬೇಳೆಗೆ ಉಪ್ಪು, ತುಪ್ಪ ಹಾಕಿಕೊಂಡು ಉಣ್ಣುವವಳು ನಾನು. ಹೊಟ್ಟೆಯುರಿ ಇಳಿದಿದೆ. ಮರಳಿ ಬರಲು ದಯವಿಟ್ಟು ಅವಸರ ಮಾಡಬೇಡಿ.