ಮಾವ ಸೊಸೆಯ ನಡುವಿನ ಕಂಪೈಲರ್

ಒಂದೇ ಮನೆಯ ಇಬ್ಬರು ಒಬ್ಬರೊಡನೊಬ್ಬರು ಮಾತಾಡುತ್ತಿಲ್ಲವೆಂದರೆ ಜಗಳ ಬಿದ್ದಿದೆ ಎಂದು ಜನ ತಿಳಿಯುತ್ತಾರೆ. ಘೋಡಗೇರಿಯ ನಮ್ಮ ಮನೆಯಲ್ಲಿ ಅದಕ್ಕೆ ಮರ್ಯಾದೆ ಎನ್ನುತ್ತಿದ್ದೆವು. ಸೊಸೆ ಮಾವನ ಎದುರು ಬಾಯಿ ಬಿಡಬಾರದು. ನನ್ನ ಹೆಂಡತಿ ಶಾಂತಾ ಅಡುಗೆಮನೆಯ ಬಾಗಿಲ ಹಿಂದೆ, ಅಪ್ಪ ಪಡಸಾಲೆಯ ಕಂಬಳಿಯ ಮೇಲೆ, ನಡುವೆ ಮಾತು ಹೊರುವವನು ನಾನು. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲವೆಂಬ ಜಂಬವೂ ನನಗಿತ್ತು. "ಈಗ ಸಾರಿಸೇನಿ, ಮಾವಾರು ಮಣ್ಣಗಾಲಾಗ ಬರಬಾರದಂತ ಹೇಳ್ರಿ" ಎಂದು ಒಳಗಿನಿಂದ ಬಂದರೆ, ನಾನು ಹೊರಗೆ ಹೋಗಿ "ಅಪ್ಪಾ, ನಿನಗ ಕಾಲ ತೊಳಿಯಾಕ ಬಿಸಿನೀರ ಕಾಸ್ಯಾಳ" ಎನ್ನುತ್ತಿದ್ದೆ. ಮನೆ ತಣ್ಣಗಿತ್ತು. ಹಿತ್ತಲಿಗೆ ಓಡಿ ನೀರು ಮಾತ್ರ ನಾನೇ ಕಾಸಬೇಕಾಗುತ್ತಿತ್ತು.

ಹೀಗಿರುವಾಗ ಹುಕ್ಕೇರಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಶಾಂತಾಗೆ ಪಾಠ ಹೇಳುವ ಅಕ್ಕೋರ ನೌಕರಿ ಸಿಕ್ಕಿತು. ಸೋಮವಾರ ಹಾಜರಾಗದಿದ್ದರೆ ಅದು ಇನ್ನೊಬ್ಬರ ಪಾಲು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿಯೂ ಒಲೆ ಊದುತ್ತ ಕೂತವಳು ಅವಳು. "ನಾ ಹೋಗಾಕಬೇಕು. ಮಾವಾರಿಗೆ ಹಿಂಗ ಹೇಳ್ರಿ" ಎಂದಳು. ಅಪ್ಪನ ಮೀಸೆ ಕಂಡದ್ದೇ ತಡ, ನನ್ನ ಬಾಯಿಂದ "ಸಾಲಿ ಗೀಲಿ ಅಂತ ಏನೋ ಅನ್ನಾಕತ್ತಾಳ, ಮುಂದ ಎಂದರ ನೋಡೂಣಂತ" ಎಂದು ಬಂತು. ಅಪ್ಪ "ಹೂಂ" ಎಂದರು. ಒಳಗೆ ಬಂದು "ವಿಚಾರ ಮಾಡ್ತಾರಂತ" ಎಂದೆ. ಶುಕ್ರವಾರ ಹಾಗೆ ಹೋಯಿತು.

ಶನಿವಾರ ತುಕ್ಕಾನಟ್ಟಿಯಿಂದ ಅವಳ ತಮ್ಮ ಪರಶುರಾಮ ಬಂದ. ಮುಂಬಯಿಯಲ್ಲಿ ಲೆಕ್ಕ ಮಾಡುವ ದೊಡ್ಡ ಯಂತ್ರದ ಹತ್ತಿರ ಅವನಿಗೆ ಕೆಲಸ. ರಜೆಗೆ ಊರಿಗೆ ಬಂದಿದ್ದ. ಪಡಸಾಲೆಯಲ್ಲಿ ಕೂತು ಶುರುಮಾಡಿದ. "ಭಾವಾರ, ಯಂತ್ರಕ್ಕ ತಿಳಿಯೂದು ಒಂದು, ಸೊನ್ನಿ, ಇವೆರಡ. ನಾವು ಬರಿಯೂ ಭಾಷಾನ ಬ್ಯಾರೆ. ನಡಕ ಕಂಪೈಲರ್ ಅಂತ ಒಂದು ಇರತೈತ್ರಿ." ಅದು ಮನುಷ್ಯನಲ್ಲವಂತೆ, ಯಂತ್ರದೊಳಗೇ ಹಾಕಿದ ಸೂಚನೆಗಳ ಒಂದು ಕಟ್ಟು. ನಾವು ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದಿ ಪದ ಕೂಡಿಸುತ್ತದೆ. ಪದಗಳು ನಿಯಮದ ಪ್ರಕಾರ ಕೂತಿವೆಯೇ ಎಂದು ನೋಡುತ್ತದೆ. ಯಾವ ಹೆಸರು ಯಾವುದಕ್ಕೆ ಎಂಬುದನ್ನು ನೆನಪಿಡುತ್ತದೆ. ಕಡೆಗೆ ಎಲ್ಲವನ್ನೂ ಯಂತ್ರಕ್ಕೆ ಆಗುವಂಥ ಸಣ್ಣ ಸಣ್ಣ ಕೆಲಸಗಳಾಗಿ ಒಡೆದು, ಒಂದು-ಸೊನ್ನೆಗಳಲ್ಲಿ ಬರೆದುಕೊಡುತ್ತದೆ. ಹೆಸರೆಂದಾಗ ನನಗೊಂದು ಅನುಮಾನ ಬಂತು. ನಮ್ಮ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. 'ಇವರು' ಅಂದರೆ ಆ ಕಂಪೈಲರ್ ಏನು ಮಾಡೀತು? "ಯಾರ ಇವರು ಅಂತ ಅಲ್ಲೇ ನಿಂದರತೈತ್ರಿ" ಎಂದ.

"ಏನರ ಊಹಾ ಮಾಡಿ ಮುಂದ ಹೋಗಂಗಿಲ್ಲೇನು?" ಎಂದು ಕೇಳಿದೆ. "ಛೇ ಛೇ! ಇಂಥಾ ಸಾಲಿನ್ಯಾಗ ತಪ್ಪೈತಿ ಅಂತ ಹೇಳಿ ಕೈ ಬಿಡತೈತಿ. ಸುತ್ತಬಳಸಿ ಬರದಿದ್ರ ಸಣ್ಣದ ಮಾಡೀತು, ಖರೆ ಅರ್ಥ ಬದಲ ಮಾಡಂಗಿಲ್ಲ. ತನ್ನದೊಂದ ಮಾತು ಸೇರಸಂಗಿಲ್ಲ." ಬಾಗಿಲ ಹಿಂದೆ ಶಾಂತಾ ಕೆಮ್ಮಿದಳು. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತಿದ್ದರು. ನನಗೆ ನಾಚಿಕೆಯಾಯಿತು.

ಭಾನುವಾರ ಮುಂಜಾನೆ ಶಾಂತಾ ಕಣ್ಣು ಒರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದಳು. ಅದನ್ನು ನೋಡಲಾರದೆ, ದೇವರ ಮೇಲೆ ಭಾರ ಹಾಕಿ ಅಪ್ಪನ ಮುಂದೆ ನಿಂತೆ. ಏನೂ ಸೇರಿಸದೆ, ಏನೂ ಬಿಡದೆ ಹೇಳಿದೆ: "ಅಪ್ಪಾ, ಶಾಂತಾ ಹುಕ್ಕೇರಿ ಸಾಲ್ಯಾಗ ಅಕ್ಕೋರಾಗಿ ಹೋಗಾಕಬೇಕಂತಾಳ. ನಾಳಿ ಹಾಜರಾಗಬೇಕು."

ಅಪ್ಪ ಮೀಸೆ ಸವರಿಕೊಂಡರು. "ಶುಕ್ರವಾರನ ಕೇಳೇನಿ."

"ನಾ ಹಂಗ ಹೇಳಿರಲಿಲ್ಲಲ್ಲ?"

"ನೀ ಹೇಳಲಿಲ್ಲ, ಅಕಿ ಹೇಳಿದ್ದು ಕೇಳೇನಿ. ಅಲ್ಲೋ ಶಾಣ್ಯಾ, ಆ ಯಂತ್ರಕ್ಕ ಮನಷ್ಯಾರ ಮಾತ ತಿಳಿಯಂಗಿಲ್ಲ, ನಡಕ ಒಂದ ಬೇಕು. ನನಗ ಕಿವಿ ಅದಾವಲ್ಲೋ! ಮದಿವ್ಯಾದಾಗಿಂದ ಅಕಿ ಅನ್ನೂದೂ ಕೇಳಾಕತ್ತೇನಿ, ನೀ ತಿರುವಿ ಹೇಳೂದೂ ಕೇಳಾಕತ್ತೇನಿ. ಎಂದರ ಒಮ್ಮಿ ನೆಟ್ಟಗ ಹೇಳ್ತಿಯೇನಂತ ಕಾಯ್ದೆ." ಆಮೇಲೆ ಬಾಗಿಲ ಕಡೆ ತಿರುಗಿ, "ಹೋಗಿ ಬಾ ಯವ್ವಾ. ನಾಳಿ ಮುಂಜಾನೆ ಬಸ್ ಲಗೂನ ಬರತೈತಿ" ಎಂದರು.

"ಹೂಂನ್ರಿ ಮಾವಾರ" ಎಂದು ಒಳಗಿನಿಂದ ಸ್ಪಷ್ಟವಾಗಿ ಕೇಳಿಸಿತು.

ಈಗ ಅವಳು ದಿನಾ ಬಸ್ಸಿನಲ್ಲಿ ಹುಕ್ಕೇರಿಗೆ ಹೋಗಿಬರುತ್ತಾಳೆ. ಸಂಜೆ ಮಾವ ಸೊಸೆ ಕೂತು ಮನಸಾರೆ ಮಾತಾಡುತ್ತಾರೆ, ನಡುನಡುವೆ ನಗುತ್ತಾರೆ. ನಾನು ಹೋದರೆ ಇಬ್ಬರೂ ಗಪ್ಪಾಗುತ್ತಾರೆ. ನನ್ನ ಬಗ್ಗೆ ಏನು ಮಾತಾಡಿದರೆಂದು ನನಗೆ ತಂದು ಹೇಳುವವರು ಮನೆಯಲ್ಲಿ ಒಬ್ಬರೂ ಇಲ್ಲ.